ಟೈರಿಗೆ ಅಂಟಿದ ಪುರಿ

ರಬ್ಬರು ಬಿಸಿಯಾಗುವುದು ಓಡಿದರೆ, ಇಲ್ಲ ಬಿಸಿಲಿಗೆ ಬಿದ್ದರೆ. ನಂಜನಗೂಡಿನಲ್ಲಿ ಟೈರ್ ಅಂಗಡಿ ಇಟ್ಟಿದ್ದ ನನಗೆ ಅಷ್ಟು ಗೊತ್ತು.

೨೦೦೩ರಲ್ಲಿ ತಿ. ನರಸೀಪುರದ ಸೋಮಶೇಖರ್ ತಮ್ಮ ಸ್ಪೋರ್ಟ್ಸ್ ಕಾರಿಗೆಂದು ಡ್ರ್ಯಾಗ್ ರೇಸಿನ, ಅಂದರೆ ನೇರ ದಾರಿಯ ವೇಗದ ಪಂದ್ಯದ, ಒಂದು ಜೊತೆ ಹಳೆಯ ಟೈರ್ ಎಲ್ಲಿಂದಲೋ ತಂದರು. ಅದೇ ಕಾರಿನಲ್ಲಿ ದಿನವೂ ಹೆಂಡತಿಯನ್ನು ಕೆಲಸಕ್ಕೆ ಬಿಡುತ್ತಿದ್ದರು.

"ಇವು ಮೆತ್ತನೆ ರಬ್ಬರ್ ಕಣ್ರೀ. ಬಿಸಿಯಾದ್ರೆ ಅಂಟಿನಂಗೆ ರೋಡ್ ಹಿಡ್ಕೊತವೆ, ಮಳೇಲಿ ಜಾರ್ತವೆ. ದಿನಾ ಓಡ್ಸೋಕೆ ಬೇಡ," ಎಂದೆ.

"ಯೋಚ್ನೆ ಮಾಡಿ ಸಂಜೆ ಬತ್ತೀನಿ," ಎಂದು ಟೈರುಗಳನ್ನು ಬಿಟ್ಟು ಹೋದರು.

ಬಿಸಿಲು ಬೀಳದ ಒಳಗೋಡೆಗೆ ಅವನ್ನು ಒರಗಿಸಿದೆ. ಮಧ್ಯಾಹ್ನ ಕೈ ತಾಗಿದಾಗ, ಆಗತಾನೇ ಬಹಳ ದೂರ ಓಡಿ ಬಂದಂತೆ ಸುಡುತ್ತಿದ್ದವು. ಪಕ್ಕದ ಟೈರುಗಳೆಲ್ಲ ತಣ್ಣಗಿದ್ದವು. ಬಗ್ಗಿ ನೋಡಿದರೆ ಪುರಿ, ಚೆಂಡುಹೂವಿನ ಎಸಳು ಅಂಟಿಕೊಂಡಿವೆ. ಹೆಣದ ಮುಂದೆ ರಸ್ತೆಗೆ ಎರಚುತ್ತಾರಲ್ಲ, ಅಂಥವು. ಅಂದು ನಮ್ಮ ಬೀದಿಯಲ್ಲಿ ಯಾವ ಹೆಣವೂ ಹೋಗಿರಲಿಲ್ಲ. ಚಾಕುವಿನಿಂದ ಕೆರೆದು ಎಸೆದೆ. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅಂಟಿದ್ದವು. ಒಂದು ಪುರಿಯನ್ನು ಹಿಸುಕಿದೆ. ಇನ್ನೂ ಗರಿಗರಿಯಾಗಿತ್ತು.

ಸಂಜೆ ಬಂದ ಸೋಮಶೇಖರ್‌ಗೆ ಅದನ್ನೇನೂ ಹೇಳದೆ, ಒತ್ತಾಯ ಮಾಡಿ ರಸ್ತೆ ಟೈರನ್ನೇ ಹಾಕಿ ಕಳಿಸಿದೆ. ಅವರು, ಅವರ ಹೆಂಡತಿ ಇವತ್ತಿಗೂ ಚೆನ್ನಾಗಿದ್ದಾರೆ. ರೇಸಿನ ಆ ಜೊತೆ ಅಂಗಡಿಯಲ್ಲೇ ಉಳಿಯಿತು.

ಬಾಗಿಲು ಹಾಕಿ ಮನೆಗೆ ಹೋದೆ. ಹೊಸ್ತಿಲಲ್ಲಿ ಅವ್ವ ಕೈ ಅಡ್ಡ ಹಿಡಿದಳು.

"ಯಾರ ಮಣ್ಣಿಗೆ ಓಗಿದ್ಯಲಾ? ನೀರ್ ಉಯ್ಕಳ್ದೆ ಒಳಕ್ಕೆ ಬರಬ್ಯಾಡ."

ಅವಳು ನನ್ನ ಕಾಲು ನೋಡುತ್ತಿದ್ದಳು. ರಬ್ಬರು ಚಪ್ಪಲಿಯ ಅಂಚಿಗೆಲ್ಲ ಪುರಿ ಮೆತ್ತಿತ್ತು. ಕಳಚಿ ಕೈಯಲ್ಲಿ ಹಿಡಿದೆ. ಆಗತಾನೇ ಬಹಳ ದೂರ ಓಡಿ ಬಂದಂತೆ ಅದರ ತಳ ಸುಡುತ್ತಿತ್ತು.