ಸಭಿಕರ ಭಾಗ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿಶ್ವವಿದ್ಯಾಲಯದ ಅಪರೂಪದ ಪುಸ್ತಕಗಳ ಗ್ರಂಥಾಲಯದಿಂದ ಗ್ರಂಥಪಾಲಕಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಸಭಾಂಗಣದ ಹಿಂದಿನ ಕೋಣೆಯ ಕಪಾಟಿನಿಂದ ಒಂದು ಹಳೆಯ ಸ್ಪೂಲ್ ಟೇಪು ಕಾಣೆಯಾಗಿದೆ. ಡಬ್ಬಿ ಇದೆ, ಒಳಗೆ ಟೇಪು ಇಲ್ಲ.

ಇನ್ಸ್‌ಪೆಕ್ಟರ್ ಆ ಹೊತ್ತಿಗೆ ಎಡಗೆನ್ನೆ ಒತ್ತಿಕೊಂಡು ಕೂತಿದ್ದರು. ದವಡೆ ಹಲ್ಲು ಒಂದು ವಾರದಿಂದ ಪ್ರಾಣ ಹಿಂಡುತ್ತಿತ್ತು. ಅಂಥವರ ಮುಂದೆ ದೂರು ಹಿಡಿದು ನಿಲ್ಲುವುದೂ ಒಂದು ಗ್ರಹಚಾರವೇ. ಆದರೆ ಗ್ರಂಥಾಲಯ ಅಂದೊಡನೆ ಅವರು ಕೆನ್ನೆಯಿಂದ ಕೈ ತೆಗೆದರು.

"ಏನಿತ್ತು ಆ ಟೇಪಲ್ಲಿ?"

"ಒಂದು ಉಪನ್ಯಾಸ. ಹಳೇ ಕಾಲದಲ್ಲಿ ಪುಸ್ತಕಕ್ಕೆ ರಟ್ಟು ಹೇಗೆ ಕಟ್ತಿದ್ರು ಅನ್ನೋದರ ಬಗ್ಗೆ."

"ಸಂಗೀತ ಅಲ್ವಾ?"

"ಅಲ್ಲ. ಅದರ ಪಕ್ಕದಲ್ಲೇ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿಗಳಿದ್ವು. ಒಂದನ್ನೂ ಮುಟ್ಟಿಲ್ಲ."

"ರಟ್ಟಿನ ಭಾಷಣ ಕದಿಯೋನು ಇವನ್ಯಾವ ಸೀಮೆ ಕಳ್ಳ," ಎಂದರು ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್, ಅರ್ಧ ತಮಗೇ ಹೇಳಿಕೊಂಡಂತೆ.

ಗ್ರಂಥಪಾಲಕಿ ವಿವರಿಸಿದರು. ಆ ಸಭಾಂಗಣದಲ್ಲಿ ತಿಂಗಳಿಗೊಂದು ಸಂಜೆ ಉಪನ್ಯಾಸವೋ ಸಂಗೀತವೋ ನಡೆಯುತ್ತದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಹಿಂದಿನ ಕಾಲದ ಸಂಜೆಗಳೆಲ್ಲ ಸ್ಪೂಲ್ ಟೇಪಿನಲ್ಲಿವೆ. ಟೇಪು ಹಾಳಾಗುತ್ತಿರುವುದರಿಂದ ಈಗ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಮಾತು, ಸಂಗೀತ ಉಳಿಸಿಕೊಳ್ಳುತ್ತಾರೆ. ಚಪ್ಪಾಳೆ, ಕೆಮ್ಮು, ಕೊನೆಯಲ್ಲಿ ಜನ ಕೇಳುವ ಪ್ರಶ್ನೆ ಎಲ್ಲ ಕತ್ತರಿಸುತ್ತಾರೆ. ಅದಕ್ಕೆ ಗ್ರಂಥಾಲಯದ ಸಮಿತಿ ಇಟ್ಟ ಹೆಸರು 'ಸಭಿಕರ ಭಾಗ'. ಇಳಿಸಿದ ಮೇಲೆ ಹಳೇ ಟೇಪನ್ನು ಎಸೆಯುತ್ತಾರೆ.

"ಎಸೆಯೋ ಟೇಪಿಗೆ ಇಷ್ಟು ಗಾಬರಿ ಯಾಕೆ ಮೇಡಂ?"

"ಟೇಪಿಗಲ್ಲ ಸಾರ್, ಬಾಗಿಲಿಗೆ." ಅವರ ದನಿ ಸಣ್ಣಗಾಯಿತು. "ಬೀದೀಲಿ ಹೋಗೋರನ್ನೆಲ್ಲ ಒಳಗೆ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ರಿಜಿಸ್ಟ್ರಾರ್ ಹೇಳಿದಾರೆ. ಟೇಪು ಸಿಕ್ಕಿದ್ರೆ ಸರಿ. ಸಿಗದಿದ್ರೆ ಇನ್ಮೇಲೆ ಗುರುತಿನ ಚೀಟಿ ಇದ್ದೋರಿಗೆ ಮಾತ್ರ ಪ್ರವೇಶ. ಆ ಬಾಗಿಲು ಒಂದ್ಸಲ ಮುಚ್ಚಿತು ಅಂದ್ರೆ ಮತ್ತೆ ತೆಗೆಯೋಲ್ಲ. ಅವರ ಬುದ್ಧಿ ನನಗೆ ಗೊತ್ತು."

ಇನ್ಸ್‌ಪೆಕ್ಟರಿಗೆ ಆ ಬಾಗಿಲು ಗೊತ್ತಿತ್ತು. ಅವರ ತಾಯಿ ಮನೆಯಲ್ಲೇ ಹೊಲಿಗೆ ಹೊಲಿಯುತ್ತಿದ್ದವರು. ತಿಂಗಳಿಗೊಂದು ಸಂಜೆ ಮಷೀನಿಗೆ ಬಟ್ಟೆ ಹೊದಿಸಿ ಮಗನ ಕೈ ಹಿಡಿದು ಅಲ್ಲಿಗೆ ಹೊರಡುತ್ತಿದ್ದರು. 'ದೊಡ್ಡೋರ ಮಾತು ಕಿವಿ ಮೇಲೆ ಬಿದ್ರೆ ನಮ್ಮ ಗಂಟೇನು ಹೋಗತ್ತೆ' ಅನ್ನುತ್ತಿದ್ದರು. ಫ್ಯಾನಿನ ಗಾಳಿ, ಹಳೇ ಕಾಗದದ ವಾಸನೆ, ಅಮ್ಮನ ಮಡಿಲು. ಹುಡುಗನಿಗೆ ಮೊದಲ ಹತ್ತು ನಿಮಿಷದಲ್ಲೇ ನಿದ್ದೆ. ಎಚ್ಚರವಾಗುತ್ತಿದ್ದದ್ದು ಜನ ನಗುವಾಗ. ಜನ ನಗುತ್ತಿದ್ದದ್ದು ಪ್ರಶ್ನೆ ಅಕ್ಕ ಎದ್ದು ನಿಂತಾಗ. ದಪ್ಪ ಕನ್ನಡಕದ ಆ ಹೆಂಗಸು ಪ್ರತಿ ಉಪನ್ಯಾಸದ ಕೊನೆಗೂ ಒಂದು ಪ್ರಶ್ನೆ ಕೇಳದೆ ಮನೆಗೆ ಹೋದದ್ದಿಲ್ಲ. ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಂಥೆಂಥ ಪಂಡಿತರೂ ಅವಳು ಎದ್ದರೆ ನೀರು ಕುಡಿಯುತ್ತಿದ್ದರು. ಆ ದಿನಗಳು ಎಲ್ಲಿ ಹೋದವೋ ಎಂದುಕೊಂಡು ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದರು.

ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಸಭಾಂಗಣ ಹಾಗೇ ಇತ್ತು. ಗಾಜಿನ ಬಾಗಿಲಿನ ಎತ್ತರದ ಕಪಾಟುಗಳು, ಅವುಗಳ ಮುಂದೆ ಒಂದಡಿ ಎತ್ತರದ ವೇದಿಕೆ. ಇನ್ಸ್‌ಪೆಕ್ಟರಿಗೆ ಮಾತ್ರ ಅದು ಸ್ವಲ್ಪ ಚಿಕ್ಕದಾದಂತೆ ಕಂಡಿತು. ಹಿಂದಿನ ಕೋಣೆಯಲ್ಲಿ ಮಡಚಿದ ಕುರ್ಚಿಗಳು, ಅವುಗಳ ಪಕ್ಕದಲ್ಲಿ ಟೇಪಿನ ಕಪಾಟು. ಬೀಗ ಒಡೆದಿರಲಿಲ್ಲ.

"ಕೀಲಿಕೈ ಎಲ್ಲಿರತ್ತೆ?"

ಗ್ರಂಥಪಾಲಕಿ ಬಾಗಿಲ ಹಿಂದಿನ ಮೊಳೆ ತೋರಿಸಿದರು. ಕೀಲಿ ಅಲ್ಲೇ ತೂಗುತ್ತಿತ್ತು.

"ಹಾಗಾದ್ರೆ ಬೀಗ ಯಾಕೆ ಹಾಕ್ತೀರಿ?" ಎಂದರು ಹೆಡ್ ಕಾನ್‌ಸ್ಟೇಬಲ್.

"ಹಾಕದಿದ್ರೆ ಕಪಾಟಿನ ಬಾಗಿಲು ತಾನಾಗೇ ತೆರ್ಕೊಳ್ಳತ್ತೆ."

"ಈ ಕೋಣೆಗೆ ಯಾರ್‍ಯಾರು ಬರ್ತಾರೆ?"

"ಎಲ್ಲರೂ." ಗ್ರಂಥಪಾಲಕಿ ಸಂಕೋಚದಿಂದ ಹೇಳಿದರು. "ಕಾರ್ಯಕ್ರಮ ಮುಗಿದ್ಮೇಲೆ ಅವರವರ ಕುರ್ಚಿ ಅವರವರೇ ಮಡಚಿ ತಂದಿಡ್ತಾರೆ. ಮೊದಲಿಂದ ಬಂದ ಪದ್ಧತಿ. ಆಗ ಎತ್ತಿಡೋಕೆ ಆಳಿರ್ಲಿಲ್ಲ. ಈಗ ಇದಾರೆ, ಆದ್ರೆ ಜನ ಬಿಡೋಲ್ಲ."

ನಿಜ. ಅಮ್ಮ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ನಿದ್ದೆಗಣ್ಣಿನ ಮಗನನ್ನು ಎಳೆದುಕೊಂಡು ಈ ಕೋಣೆಗೆ ಬರುತ್ತಿದ್ದದ್ದು ಇನ್ಸ್‌ಪೆಕ್ಟರಿಗೆ ನೆನಪಾಯಿತು. ಅಂದರೆ ಊರಿನ ಅರ್ಧ ಜನಕ್ಕೆ ಆ ಮೊಳೆಯ ಪರಿಚಯವಿತ್ತು. ಇದು ಕೇಸಿಗೆ ಒಳ್ಳೆಯ ಸುದ್ದಿಯಲ್ಲ.

ಕಪಾಟಿನ ಕೆಳಗಿನ ಹಲಗೆಯಲ್ಲಿ ಖಾಲಿ ಸ್ಪೂಲ್ ಚಕ್ರಗಳ ಸಾಲಿತ್ತು. ಸಾಲಿನ ನಡುವೆ ದೂಳಿಲ್ಲದ ಒಂದು ಜಾಗ. ಇನ್ಸ್‌ಪೆಕ್ಟರ್ ಮೊಣಕಾಲೂರಿ ನೋಡಿದರು.

"ಇಲ್ಲೂ ಒಂದು ಹೋಗಿದೆಯಲ್ಲ ಮೇಡಂ."

"ಅದು ಖಾಲಿ ಚಕ್ರ ಸಾರ್. ನಾನು ಗಮನಿಸ್ಲೇ ಇಲ್ಲ."

"ಏನಕ್ಕೆ ಬೇಕಾಗತ್ತೆ?"

"ಮಷೀನಲ್ಲಿ ಈ ಕಡೆ ಚಕ್ರದಿಂದ ಟೇಪು ಬಿಚ್ಕೊಂಡು ಆ ಕಡೆ ಖಾಲಿ ಚಕ್ರಕ್ಕೆ ಸುತ್ಕೋಬೇಕು. ಎರಡಿಲ್ಲದೆ ಓಡೋಲ್ಲ."

ಇನ್ಸ್‌ಪೆಕ್ಟರ್ ಎದ್ದು ಮೊಣಕಾಲು ಒರೆಸಿಕೊಂಡರು. "ಮಾರೋನಿಗೆ ಖಾಲಿ ಚಕ್ರ ಯಾಕೆ ಬೇಕು? ಇವನು ಕೇಳೋಕೆ ತಗೊಂಡು ಹೋಗಿದಾನೆ."

ಕೇಳಬೇಕಾದರೆ ಮಷೀನು ಬೇಕು. ಹಳೇ ಮಷೀನು ಅಂದಮೇಲೆ ರಿಪೇರಿ ತಪ್ಪಿದ್ದಲ್ಲ. ಹೆಡ್ ಕಾನ್‌ಸ್ಟೇಬಲ್ ಸಂಜೆಯೊಳಗೆ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿದರು. ಮೊಬೈಲಿನವರು ಸ್ಪೂಲ್ ಅಂದರೇನೆಂದು ಅವರನ್ನೇ ಕೇಳಿದರು. ಕೊನೆಗೆ ಗಡಿಯಾರದ ಅಂಗಡಿಯ ಮಹಡಿ ಮೇಲೆ ಒಬ್ಬ ರೇಡಿಯೋ ರಿಪೇರಿಯವರು ಸಿಕ್ಕರು.

"ಇಂಥ ಮಷೀನಿಗೆ ಕೈ ಹಾಕೋನು ಈ ಊರಲ್ಲಿ ನಾನೊಬ್ಬನೇ. ನಾನು ಹೋದ್ರೆ ಮುಗೀತು ಕತೆ."

"ಈಚೆಗೆ ಯಾರು ತಂದಿದ್ರು?"

"ಹಲ್ಲಿನ ಡಾಕ್ಟ್ರು. ಬೆಲ್ಟು ಸವೆದು ಹೋಗಿತ್ತು. ಇವತ್ತೇ ಬೇಕು, ಈಗಲೇ ಬೇಕು ಅಂತ ಕೂತುಬಿಟ್ರು. ನಮ್ಮ ಹಲ್ಲಿಗಾದ್ರೆ 'ಮುಂದಿನ ವಾರ ಬನ್ನಿ' ಅಂತಾರೆ, ಅವರ ಬೆಲ್ಟಿಗೆ ಮಾತ್ರ ಅವಸರ."

ಹೆಡ್ ಕಾನ್‌ಸ್ಟೇಬಲ್ ಠಾಣೆಗೆ ಬಂದು ವರದಿ ಒಪ್ಪಿಸಿ, ಮುಖ ಗಂಭೀರ ಮಾಡಿಕೊಂಡು ಹೇಳಿದರು: "ಸಾರ್, ನಿಮ್ಮ ಹಲ್ಲಿಗೂ ಕೇಸಿಗೂ ಒಬ್ಬರೇ ಡಾಕ್ಟ್ರು."

ಮಂಗಳವಾರ ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ದಂತ ಚಿಕಿತ್ಸಾಲಯದ ಕುರ್ಚಿಯಲ್ಲಿ ಒರಗಿದ್ದರು. ಡಾಕ್ಟರಿಗೆ ಐವತ್ತರ ಆಸುಪಾಸು, ತುಂಬಾ ಮಾತು.

"ಎಷ್ಟು ದಿನದಿಂದ ನೋವು?"

"ಆಂ..."

"ತಣ್ಣೀರು ಕುಡಿದ್ರೆ ಜುಂ ಅನ್ನತ್ತಾ?"

"ಆಂ."

"ಇಷ್ಟು ದಿನ ಯಾಕೆ ಬರ್ಲಿಲ್ಲ?"

ಇಪ್ಪತ್ತು ವರ್ಷ ಜನರನ್ನು ಪ್ರಶ್ನೆ ಕೇಳಿದ ಮನುಷ್ಯ ಬಾಯಿ ತೆರೆದು ಮಲಗಿ ಪ್ರಶ್ನೆ ಕೇಳಿಸಿಕೊಳ್ಳುವ ಪಾಡು ಯಾರಿಗೂ ಬೇಡ. ಅವರ ಕಣ್ಣು ಎದುರು ಗೋಡೆಗೆ ಹೋಯಿತು. ಅಲ್ಲೊಂದು ಫೋಟೋ. ದಪ್ಪ ಕನ್ನಡಕ, ಸ್ವಲ್ಪ ಮೇಲೆತ್ತಿದ ಗಲ್ಲ, ಈಗಲೋ ಆಗಲೋ ಏನೋ ಕೇಳಲಿರುವ ಮುಖ. ಇನ್ಸ್‌ಪೆಕ್ಟರ್ ಡಾಕ್ಟರ ಕೈ ಸರಿಸಿ ಎದ್ದು ಕೂತರು.

"ಇವರು ಪ್ರಶ್ನೆ ಅಕ್ಕ ಅಲ್ವಾ?"

ಡಾಕ್ಟರ ಮುಖ ಅರಳಿತು. "ನಿಮಗೆ ಹೇಗೆ ಗೊತ್ತು?"

"ನಮ್ಮಮ್ಮ ಆ ಉಪನ್ಯಾಸಗಳಿಗೆ ಕರ್ಕೊಂಡು ಹೋಗ್ತಿದ್ರು. ನಿಮಗೇನಾಗಬೇಕು?"

"ನನ್ನಕ್ಕ. ಹೋಗಿ ಎಂಟು ವರ್ಷ ಆಯ್ತು."

"ಟೇಪು ನಿಮ್ಮ ಹತ್ರ ಇದೆಯಾ ಡಾಕ್ಟ್ರೇ?"

ಅರಳಿದ ಮುಖ ಮುದುಡಿತು. ಡಾಕ್ಟರ್ ಹಲ್ಲು ನೋಡುವ ಕನ್ನಡಿಕಡ್ಡಿಯನ್ನು ತಟ್ಟೆಯಲ್ಲಿಟ್ಟು, ಅದನ್ನೇ ಮತ್ತೆ ಎತ್ತಿಕೊಂಡರು. "ಯಾವ ಟೇಪು?"

ಇನ್ಸ್‌ಪೆಕ್ಟರ್ ಗದರಿಸಲಿಲ್ಲ. ಖಾಲಿ ಚಕ್ರ, ಬೆಲ್ಟು, ಮೊಳೆ ಎಲ್ಲ ಹೇಳಿದರು. ಕೊನೆಗೆ ರಿಜಿಸ್ಟ್ರಾರರ ಮಾತನ್ನೂ ಹೇಳಿದರು. "ಟೇಪು ಸಿಗದಿದ್ರೆ ಆ ಬಾಗಿಲು ಊರವರಿಗೆ ಮುಚ್ಚತ್ತೆ."

"ಯಾರಿಗೂ ಬಿಡೋಲ್ವಾ?"

"ಚೀಟಿ ಇದ್ದೋರಿಗೆ ಮಾತ್ರ."

"ಅಕ್ಕನ ಹತ್ರ ಯಾವ ಚೀಟಿ ಇತ್ತು?" ಎಂದರು ಡಾಕ್ಟರ್. ಸ್ವಲ್ಪ ಹೊತ್ತು ಫೋಟೋ ನೋಡಿದರು. "ಒಳಗಿದೆ. ಮೊದಲು ಅದನ್ನ ಕೊಡ್ಲಾ, ನಿಮ್ಮ ಹಲ್ಲು ಮುಗಿಸ್ಲಾ?"

"ಟೇಪು ಕೊಡಿ." ಆರೋಪಿಯ ಕೈಗೆ ಡ್ರಿಲ್ಲು ಕೊಟ್ಟು ಬಾಯಿ ತೆರೆಯುವಷ್ಟು ಧೈರ್ಯವನ್ನು ಇಲಾಖೆ ಕಲಿಸಿರಲಿಲ್ಲ.

ಜಪ್ತಿ ಪಂಚನಾಮೆ ಅಲ್ಲೇ ಆಯಿತು. ಟೇಪು, ಖಾಲಿ ಚಕ್ರ, ಮಷೀನು ಮೂರೂ ಠಾಣೆಗೆ ಬಂದವು. ಆರೋಪಿಯ ಹೇಳಿಕೆಯನ್ನು ಠಾಣೆಯ ರೈಟರ್ ಬರೆದುಕೊಂಡಳು. ವಸ್ತು ಗುರುತಿಸಲು ಕರೆಸಿದ್ದ ಗ್ರಂಥಪಾಲಕಿ ಎದುರಿನ ಬೆಂಚಿನಲ್ಲಿದ್ದರು.

ಅಪ್ಪ ಅಮ್ಮ ಹೋದಾಗ ಅಕ್ಕ ಹದಿನಾರರವಳು. ಶಾಲೆ ಬಿಟ್ಟು ಪೆಟ್ಟಿಗೆ ಕಾರ್ಖಾನೆ ಸೇರಿ ತಮ್ಮನನ್ನು ಓದಿಸಿದಳು. ತಿಂಗಳಿಗೊಂದು ಸಂಜೆ ಮಾತ್ರ ಅವಳದು. 'ನೀನು ದಿನಾ ಕಾಲೇಜಿಗೆ ಹೋಗ್ತೀಯ, ನಾನು ತಿಂಗಳಿಗೊಂದ್ಸಲ ಹೋಗ್ತೀನಿ' ಅನ್ನುತ್ತಿದ್ದಳು.

"ಟೇಪು ಬೇಕಿದ್ರೆ ಕೇಳಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರ್.

"ಕೇಳಿದೆ. ಒಂದು ಸಂಜೆ, ಕಂಪ್ಯೂಟರಿಗೆ ಇಳಿಸಿದ ಹಳೇ ಉಪನ್ಯಾಸ ಒಂದನ್ನ ಎಲ್ಲರಿಗೂ ಕೇಳಿಸಿದ್ರು. ಕೊನೇಲಿ ಅಕ್ಕ ಏಳ್ತಾಳೆ ಅಂತ ನಾನು ಕುರ್ಚಿ ತುದೀಲಿ ಕೂತಿದ್ದೆ. ವಂದನೆಗಳು ಅಂದ ತಕ್ಷಣ ನಿಂತುಹೋಯ್ತು. ಮೇಡಂನ ಕೇಳಿದ್ರೆ, ಸಭಿಕರ ಭಾಗ ಇಡೋಲ್ಲ ಡಾಕ್ಟ್ರೇ, ಬರೀ ಗಲಾಟೆ ಅಂದ್ರು. ಅಕ್ಕ ಇದ್ದ ಟೇಪೆಲ್ಲ ಎಸೆದಾಗಿತ್ತು. ಇದೊಂದೇ ಬಾಕಿ."

ಗ್ರಂಥಪಾಲಕಿ ತಲೆ ತಗ್ಗಿಸಿದರು. "ಹೌದು ಸಾರ್, ಹಾಗೇ ಅಂದಿದ್ದೆ. ಯಾರ ದನಿಗಾಗಿ ಕೇಳ್ತಿದಾರೆ ಅಂತ ನಾನು ವಿಚಾರಿಸ್ಲೇ ಇಲ್ಲ."

"ಕೇಳಿ ಆದ್ಮೇಲೆ ವಾಪಸ್ ಇಡಬಹುದಿತ್ತು," ಎಂದರು ಇನ್ಸ್‌ಪೆಕ್ಟರ್.

"ಇಟ್ಟಿದ್ರೆ ಕತ್ತರಿಸ್ತಿದ್ರಲ್ಲ ಸಾರ್."

ಡಬ್ಬಿಯ ಮೇಲೆ ಬರೆದದ್ದೇ ಟೇಪಿನಲ್ಲಿದೆಯೇ ಎಂದು ಪಂಚರ ಎದುರು ಖಚಿತಪಡಿಸಿಕೊಳ್ಳಬೇಕಿತ್ತು. ಡಾಕ್ಟರೇ ಮಷೀನಿಗೆ ಟೇಪು ಏರಿಸಿಕೊಟ್ಟರು. ಠಾಣೆಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ರಟ್ಟಿನ ಉಪನ್ಯಾಸ ಸಾಕಷ್ಟು ಉದ್ದವಿತ್ತು. ಇನ್ಸ್‌ಪೆಕ್ಟರಿಗೆ ಹಳೇ ಅಭ್ಯಾಸಬಲದಿಂದ ಕಣ್ಣು ಎಳೆಯತೊಡಗಿತು. ಚಪ್ಪಾಳೆ ಕೇಳಿಸಿತು. ಆಮೇಲೆ ಕುರ್ಚಿ ಕಿರ್ರೆಂದಿತು.

"ಬರೆದೋರ ವಿಚಾರ ಹೇಳಿದ್ರಿ. ಅಚ್ಚು ಹಾಕಿದೋರ ವಿಚಾರ ಹೇಳಿದ್ರಿ. ರಟ್ಟು ಕಟ್ಟಿದೋರದ್ದಂತೂ ಇಷ್ಟೊತ್ತು ಹೇಳಿದ್ರಿ. ಅಲ್ಲ ಸ್ವಾಮಿ, ಆ ಪುಸ್ತಕಾನ ಓದಿದೋರು ಯಾರೂ ಇರ್ಲಿಲ್ವಾ?"

ಜನ ಗೊಳ್ಳೆಂದು ನಕ್ಕರು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕೂಡ ನಕ್ಕುಬಿಟ್ಟರು. ಉಪನ್ಯಾಸಕರು ಗಂಟಲು ಸರಿಮಾಡಿಕೊಂಡು, "ಅದನ್ನೆಲ್ಲ ಯಾರೂ ಉಳಿಸಿಟ್ಟಿಲ್ಲ ತಾಯಿ," ಅಂದರು.

"ಇಡಬೇಕಿತ್ತು."

ಇನ್ನೊಂದು ದನಿ, ಆಗತಾನೇ ಒಡೆಯುತ್ತಿದ್ದ ಹುಡುಗನ ದನಿ, ಅವಮಾನದಿಂದ ಪಿಸುಗುಟ್ಟಿತು: "ಅಕ್ಕಾ, ಸಾಕು, ಕೂತ್ಕೋ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ ಬಿಡೋ. ಏಳು, ನಿನ್ನ ಕುರ್ಚಿ ಮಡಚು."

ಕುರ್ಚಿಗಳ ಟಪಟಪ ಸದ್ದು. ಟೇಪು ಮುಗಿದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಇನ್ಸ್‌ಪೆಕ್ಟರ್ ಆ ಕುರ್ಚಿಗಳ ಸದ್ದಿನಲ್ಲಿ ತಮ್ಮ ಅಮ್ಮನದು ಯಾವುದಿರಬಹುದು ಎಂದು ಹುಡುಕುತ್ತಿದ್ದರು. ಡಾಕ್ಟರ್ ಅಳುತ್ತಿದ್ದರು, ಮುಚ್ಚಿಕೊಳ್ಳಲೂ ಇಲ್ಲ.

"ಕೂತ್ಕೋ ಅಂದೆ ಸಾರ್," ಎಂದರು. "ಪ್ರತೀ ಸಲ ಅಂತಿದ್ದೆ."

ರೈಟರ್ ಪೆನ್ನು ಹಿಡಿದು ಕೇಳಿದಳು: "ಸಾರ್, ಪಂಚನಾಮೆಯಲ್ಲಿ ಉಪನ್ಯಾಸ ಅಂತ ಮಾತ್ರ ಬರೀಲಾ?"

"ಕೇಳಿದ್ದೆಲ್ಲ ಬರಿ. ಪ್ರಶ್ನೆ, ಉತ್ತರ, ನಕ್ಕಿದ್ದು, ಕೂತ್ಕೋ ಅಂದಿದ್ದು, ಕುರ್ಚಿ ಸದ್ದು. ಒಂದೂ ಬಿಡಬೇಡ." ಆಮೇಲೆ ಗ್ರಂಥಪಾಲಕಿಯ ಕಡೆ ತಿರುಗಿದರು. "ಮೇಡಂ, ಇದು ಈಗ ಕೇಸಿನ ಮಾಲು. ನ್ಯಾಯಾಲಯ ಹೇಳೋವರೆಗೆ ಯಾರೂ ಇದಕ್ಕೆ ಕತ್ತರಿ ಹಾಕೋ ಹಾಗಿಲ್ಲ."

"ಆಮೇಲೂ ಹಾಕೋಲ್ಲ ಸಾರ್. ಸಮಿತಿ ಎದುರು ನಾನೇ ಕೂರ್ತೀನಿ," ಎಂದರು ಅವರು. "ರಿಜಿಸ್ಟ್ರಾರ್‌ಗೂ ಹೇಳ್ತೀನಿ, ಟೇಪು ಸಿಕ್ಕಿದೆ, ಬಾಗಿಲು ಮುಚ್ಚೋದು ಬೇಡ ಅಂತ. ಕೀಲಿಕೈ ಮಾತ್ರ ಇನ್ಮೇಲೆ ನನ್ನ ಚೀಲದಲ್ಲಿರತ್ತೆ."

ಸಂಜೆ ನಾಲ್ಕಕ್ಕೆ ಬಂಧನದ ಮೆಮೊ ತಯಾರಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ, ಆದರೂ ಕ್ರಮ ಕ್ರಮವೇ. ಹೆಸರು, ವಯಸ್ಸು, ವೃತ್ತಿ ತುಂಬಿ ರೈಟರ್ ಮುಂದಿನ ಸಾಲಿಗೆ ಬಂದಳು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು?"

ಡಾಕ್ಟರ್ ಜಪ್ತಿಯಾದ ಮಷೀನಿನ ಕಡೆ ನೋಡಿದರು. ಮದುವೆಯಾಗಿರಲಿಲ್ಲ. ಈ ಪ್ರಶ್ನೆಗೆ ಅವರ ಹತ್ತಿರ ಯಾವಾಗಲೂ ಇದ್ದದ್ದು ಒಂದೇ ಉತ್ತರ. ರೈಟರ್ ಪೆನ್ನನ್ನು ಕಾಗದದ ಮೇಲೆ ಹಾಗೇ ಹಿಡಿದಿದ್ದಳು.

"ನನ್ನ ಹೆಸರು ಬರ್ಕೊಳ್ಳಿ," ಎಂದರು ಗ್ರಂಥಪಾಲಕಿ.

"ಮೇಡಂ, ದೂರು ಕೊಟ್ಟೋರು ನೀವೇ."

"ಗೊತ್ತು. ಬರ್ಕೊಳ್ಳಿ."

ರೈಟರ್ ಇನ್ಸ್‌ಪೆಕ್ಟರ ಮುಖ ನೋಡಿದಳು. ಅವರು ಎಡಗೆನ್ನೆ ಒತ್ತಿಕೊಂಡೇ ತಲೆಯಾಡಿಸಿದರು. ಅವಳು ಬರೆದುಕೊಂಡಳು.

ಡಾಕ್ಟರ್ ಸಹಿ ಹಾಕಿ ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಅಭ್ಯಾಸದಂತೆ ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತರು.