ಏಳನೇ ಸಾಲಿನ ಉಬ್ಬು

ಕಚೇರಿಯ ಮೇಜಿನ ಡ್ರಾಯರ್ ಖಾಲಿ. ಡಿಸ್ಕ್ ಇಲ್ಲ!

ಪುಟ್ಟಿ ಇನ್ನೊಮ್ಮೆ ಕೈಯಾಡಿಸಿದಳು. ಮೂವತ್ತೊಂದು ತುಂಬಿದರೂ ಮನೆಯವರಿಗೆ ಅವಳಿನ್ನೂ ಪುಟ್ಟಿಯೇ. ಭೂಭೌತ ಸಂಸ್ಥೆಯಲ್ಲಿ ಐದು ವರ್ಷ ಕತ್ತೆಯ ಹಾಗೆ ದುಡಿದರೂ ಇನ್ನೂ ತಾತ್ಕಾಲಿಕವೇ. ಖಾಯಂ ಹುದ್ದೆ ಒಂದೇ ಒಂದು. ಅದರ ಸಂದರ್ಶನ ಇವತ್ತು ಮೂರು ಗಂಟೆಗೆ. ಮೂವರು ಅಭ್ಯರ್ಥಿಗಳೂ ಒಂದೇ ಮೈದಾನದಲ್ಲಿ, ಬೇರೆ ಬೇರೆ ದಿನ, ನೆಲದ ಕಾಂತಶಕ್ತಿ ಅಳೆದು ನಕ್ಷೆ ತರಬೇಕಿತ್ತು. ಹನ್ನೊಂದು ದಿನ ಬಿಸಿಲಲ್ಲಿ ಯಂತ್ರ ಹೊತ್ತು ಸಾಲು ಸಾಲಾಗಿ ನಡೆದು ಅಳೆದದ್ದೆಲ್ಲ ಆ ಡಿಸ್ಕಿನಲ್ಲಿತ್ತು.

"ಥೂ, ಈ ನೌಕರಿಯ ಮನೆ ಹಾಳಾಗ!" ಎಂದು ಅತ್ತೇಬಿಟ್ಟಳು.

ಫೋನು ಮಾಡಿದ ಅರ್ಧ ಗಂಟೆಗೆ ಸೋದರಮಾವ ಬಂದರು. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

"ಬೀಗ ಒಡೆದಿದಾರಾ?"

"ಇಲ್ಲ ಮಾವ. ಕೀಲಿ ಹೂಕುಂಡದ ಕೆಳಗಿರುತ್ತೆ. ಈ ಕೋಣೆಯವರಿಗೆಲ್ಲ ಗೊತ್ತು."

"ಎಲ್ಲ ಅಂದ್ರೆ?"

"ನಾನು, ಇಸ್ತ್ರಿ, ಅಕ್ಕ. ಮೂವರೂ ಸಂದರ್ಶನಕ್ಕೆ ಹೋಗೋರೇ."

"ಇನ್ನೊಂದು ಪ್ರತಿ?"

"ನನ್ನ ಕಂಪ್ಯೂಟರ್ ಕೆಟ್ಟು ವಾರ ಆಯ್ತು. ರಿಪೇರಿ ಮಾಡಿಸಿ ಅಂತ ಬೇಡಿ ಬೇಡಿ ಸಾಕಾಯ್ತು! ಮಾವ, ಇದು ಇಸ್ತ್ರಿಯದೇ ಕೆಲಸ."

ಅಂಗಿಯ ಮಡಿಕೆ ಮುರಿಯದ್ದಕ್ಕೆ ಇಸ್ತ್ರಿ ಎಂದೇ ಹೆಸರಾದ ಆ ಸಹೋದ್ಯೋಗಿ ಅಲ್ಲೇ ಕೂತಿದ್ದ. "ನನಗ್ಯಾಕ್ರೀ ನಿಮ್ಮ ಡಿಸ್ಕು? ನನ್ನ ನಕ್ಷೆ ನೋಡಿ, ಗೋಡೆ ಮೇಲಿದೆ" ಎಂದು ಸಿಡುಕಿದ.

ಅಕ್ಕ ಪುಟ್ಟಿಯ ಬೆನ್ನು ಸವರಿದಳು. ಒಡಹುಟ್ಟಿದವಳಲ್ಲ, ದಿನಾ ಡಬ್ಬಿ ಹಂಚಿಕೊಂಡು ಉಣ್ಣುವ ಹಿರಿಯ ಗೆಳತಿ. "ಹೋಗ್ಲಿ ಬಿಡೇ. ಮುಂದಿನ ಸಲ ನೋಡ್ಕೊಂಡ್ರಾಯ್ತು."

ಮುಂದಿನ ಸಲ! ಐದು ವರ್ಷದಿಂದ ಇದೇ ಮಾತು. ಪುಟ್ಟಿಗೆ ಮೈಯೆಲ್ಲ ಉರಿಯಿತು.

ಮಾವ ಗೋಡೆಯ ಮೇಲಿದ್ದ ಇಸ್ತ್ರಿ, ಅಕ್ಕ ಇಬ್ಬರ ನಕ್ಷೆಗಳ ಮುಂದೆ ನಿಂತಿದ್ದರು.

"ಇಲ್ಲಿ ಕೆಂಪು ಗುರುತು ಯಾಕಮ್ಮ?"

"ಏಳನೇ ಸಾಲು ಸರ್," ಅಕ್ಕ ಹೇಳಿದಳು. "ಅಳತೆ ಇದ್ದಕ್ಕಿದ್ದಂತೆ ಏರಿದೆ. ಕೆಳಗೆ ಕಬ್ಬಿಣದ ಅದಿರಿರಬೇಕು."

"ಇವರ ನಕ್ಷೆಯಲ್ಲಿ ಆ ಉಬ್ಬು ಇಲ್ಲವಲ್ಲ?"

ಇಸ್ತ್ರಿಯ ಮುಖ ಸಪ್ಪಗಾಯಿತು. "ನನಗೆ ಸಿಗಲಿಲ್ಲ."

"ನೀವು ಅಳೆದದ್ದು ಯಾವಾಗಮ್ಮ? ಹೇಗೆ ಹೋದ್ರಿ?"

"ಹೋದ ತಿಂಗಳು. ಬಸ್ಸಲ್ಲಿ."

ಹೊಟ್ಟೆಕಿಚ್ಚಾಗುತ್ತದೆಂದು ಪುಟ್ಟಿ ಅಲ್ಲಿಯವರೆಗೆ ಆ ನಕ್ಷೆಗಳ ಕಡೆ ತಲೆಯೆತ್ತಿ ನೋಡಿರಲಿಲ್ಲ. ಈಗ ನೋಡಿದಳು. ಕಿವಿಯವರೆಗೂ ಕೆಂಪಾದಳು.

"ಏನೇ?" ಮಾವ ತಿರುಗಿದರು.

"ಅದು... ಅದಿರಲ್ಲ ಮಾವ. ನಮ್ಮ ಸಂಸ್ಥೆಯ ಜೀಪು."

"ಜೀಪೇ?"

"ಹೋದ ವಾರ ನಾನು ಅಳೆಯುವಾಗ ಏಳನೇ ಸಾಲಿನ ಪಕ್ಕ ಕೆಟ್ಟು ನಿಂತುಬಿಡ್ತು. ಹತ್ತಿರ ಕಬ್ಬಿಣ ಇದ್ರೆ ಯಂತ್ರ ಸುಳ್ಳು ಹೇಳುತ್ತೆ. ಹೊಸಬರು ಮಾಡೋ ತಪ್ಪು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಜೀಪಿನ ಪಕ್ಕದ ಆ ಐದು ತಪ್ಪು ಅಳತೆ ಇವತ್ತು ತೆಗೆದುಹಾಕೋಣ ಅಂತಿದ್ದೆ."

ಮಾವ ಅಕ್ಕನ ಕಡೆ ನೋಡಿದರು.

"ನೆಲ ಒಂದೇ. ಅದಿರಿದ್ದಿದ್ರೆ ಇವರಿಗೂ ಸಿಗಬೇಕಿತ್ತು. ಹೋದ ವಾರ ಕೆಟ್ಟು ನಿಂತ ಜೀಪು, ಹೋದ ತಿಂಗಳು ಬಸ್ಸಲ್ಲಿ ಹೋದ ನಿಮ್ಮ ನಕ್ಷೆಗೆ ಹೇಗೆ ಬಂತಮ್ಮ? ಡಿಸ್ಕ್ ಕೊಡಿ."

ಅಕ್ಕ ತನ್ನ ಚೀಲ ತೆರೆದಳು. ಡಿಸ್ಕ್ ಹೊರಬಂತು. "ಅಷ್ಟು ದೂರ ನಡೆಯೋಕೆ ಮೊಣಕಾಲು ಬಿಡಲಿಲ್ಲ ಕಣೇ. ಮೈದಾನಕ್ಕೆ ಕಾಲೇ ಇಡದೆ ನಿನ್ನ ಅಳತೆಯಲ್ಲೇ ನಕ್ಷೆ ಮಾಡಿದೆ. ಇದೇ ನನ್ನ ಕೊನೇ ಅವಕಾಶ."

"ನನ್ನ ಡಬ್ಬೀಲಿ ಉಂಡು ನನಗೇ ಹೀಗೆ ಮಾಡಿದ್ಯಲ್ಲೇ ಅಕ್ಕಾ!" ಪುಟ್ಟಿ ಡಿಸ್ಕ್ ಕಸಿದುಕೊಂಡಳು.

ಆಗಲೇ ಮೂರಕ್ಕೆ ಹತ್ತು ನಿಮಿಷ. ನಕ್ಷೆ ಮುದ್ರಿಸಲು ಹೊತ್ತಿತ್ತು, ತಿದ್ದಲು ಇರಲಿಲ್ಲ. ನಕ್ಷೆಯೊಳಗಿನ ಜೀಪನ್ನೂ ಹೊತ್ತುಕೊಂಡೇ ಪುಟ್ಟಿ ಸಂದರ್ಶನಕ್ಕೆ ಒಳಗೆ ಹೋದಳು.

ಸಮಿತಿಯ ಹಿರಿಯರು ಕನ್ನಡಕ ಏರಿಸಿದರು. "ಏಳನೇ ಸಾಲಿನಲ್ಲಿ ಇದೇನಮ್ಮ?"

ಐದು ವರ್ಷ ಅವಳ ಕೆಲಸವೆಲ್ಲ ಬೇರೆಯವರ ಹೆಸರಲ್ಲೇ ಹೋಗಿತ್ತು. ಪುಟ್ಟಿ ನೆಟ್ಟಗೆ ಕೂತಳು.

"ತಪ್ಪು ಸರ್," ಎಂದಳು. "ನನ್ನದು."