ಸಾಕು ಎಂದ ಮೇಲೆ

ನಂಬಿದರೆ ನಂಬಿ, ನನ್ನ ಎಡಗೈಯ ಈ ಮೂರು ಬೆರಳು ಮುರಿದದ್ದು ಮಟಮಟ ಮಧ್ಯಾಹ್ನ. ದಕ್ಷಿಣ ಆಫ್ರಿಕಾದ ನಮ್ಮ ಪೊಂಡೊ ಕರಾವಳಿಯಲ್ಲಿ ಹೊಳೆ ಬಂಡೆಯಂಚಿನಿಂದ ನೇರ ಸಮುದ್ರಕ್ಕೇ ಧುಮುಕುತ್ತದೆ. ಅದನ್ನು ತೋರಿಸಲು ಜೊಹಾನ್ಸ್‌ಬರ್ಗಿನಿಂದ ಪ್ರವಾಸ ಬಂದಿದ್ದ ರೆಫಿಲ್ವೆ ಎಂಬವಳನ್ನು ಕರೆದೊಯ್ದಿದ್ದೆ.

ಅಂಚು ತಲುಪುತ್ತಲೇ ನೀರಿನ ಅಬ್ಬರ ಅಡಗಿತು. ನೀರೇನೋ ಬೀಳುತ್ತಲೇ ಇತ್ತು. ಮುಖಕ್ಕೆ ಸಿಡಿದ ಹನಿ ರಕ್ತದಂತೆ ಬೆಚ್ಚಗಿತ್ತು. ಕೇಳುತ್ತಿದ್ದದ್ದು ಕೋಲಿಗೆ ಕೋಲು ಬಡಿಯುವ ಸದ್ದೊಂದೇ.

"ಅಣ್ಣಾ, ಯಾರೋ ಬಡಿದಾಡ್ತಿದಾರೆ ಅಲ್ವಾ?" ಎಂದಳು ರೆಫಿಲ್ವೆ.

"ಇಲ್ಲಿ ಯಾರಿದಾರಮ್ಮಾ, ಸುಮ್ನೆ ಬಾ," ಎನ್ನುವಷ್ಟರಲ್ಲಿ ನನ್ನ ಬೆರಳ ಮೇಲೆ ಏಟು ಬಿತ್ತು. ಎದುರಿಗೆ ಯಾರೂ ಇಲ್ಲ. ಮತ್ತೊಂದು ಮೊಣಕಾಲಿಗೆ, ಇನ್ನೊಂದು ಹಣೆಗೆ. ದಾರಿಗೆಂದು ತಂದಿದ್ದ ನನ್ನ ಕೋಲನ್ನು ಅಡ್ಡ ಹಿಡಿದೆ, ಅದು ಎರಡು ತುಂಡಾಯಿತು. ಕಣ್ಣಿಗೆ ರಕ್ತ ಇಳಿಯಿತು. ಹಿಮ್ಮಡಿ ಬಂಡೆಯಂಚಿಗೆ ಬಂದಿತ್ತು.

"ಸಾಕು ಕಣೋ, ಲಿಂಡಿಖಾಯಾ!" ಎಂದು ಕಿರುಚಿದೆ.

ಏಟು ಅಲ್ಲಿಗೇ ನಿಂತಿತು.

ನಮ್ಮ ಕೋಲುಕಾಳಗದಲ್ಲಿ ಎದುರಾಳಿ 'ಸಾಕು' ಎಂದರೆ ಮತ್ತೆ ಹೊಡೆಯುವಂತಿಲ್ಲ. ಹೋದ ವರ್ಷ ಅದೇ ಬಂಡೆಯ ಮೇಲೆ ನನ್ನ ಗೆಳೆಯ ಲಿಂಡಿಖಾಯ 'ಸಾಕು' ಎಂದಿದ್ದ. ಆಮೇಲೂ ನಾನು ಇನ್ನೊಂದೇಟು ಹಾಕಿದ್ದೆ. ಜಾರಿ ಸಮುದ್ರಕ್ಕೆ ಬಿದ್ದ ಎಂದು ಊರಿಗೆ ಹೇಳಿದ್ದೆ.

ಈ ಬೆರಳುಗಳಿಗೆ ಪಟ್ಟಿ ಕಟ್ಟಿದವಳು ಅವನ ತಾಯಿ. ಕಟ್ಟುತ್ತಾ ಕೇಳಿದಳು: "ನೀನೂ ಅಲ್ಲೇ ಜಾರಿದ್ಯೇನೋ, ಮಗನೇ?"

ಹೂಂ ಎಂದೆ.